ಕಂಬಿಯ ಹಿಂದೆ ಮೊದಲ ಸಲ

ಹೊರಡುವ ಹಿಂದಿನ ರಾತ್ರಿ ಹೊಸಬನ ಚೀಲ ಪಡಸಾಲೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮೂರು ಪ್ಯಾಂಟು, ನಾಲ್ಕು ಅಂಗಿ, ದಪ್ಪನೆಯ ಚಾದರ, ಎರಡು ಟವೆಲ್ಲು, ಪವರ್ ಬ್ಯಾಂಕು, ಮೇಲೆ ಅವ್ವ ತುಂಬಿಕೊಟ್ಟ ಡಬ್ಬಿಗಳು. ಹತ್ತಾರು ಸಲ ಶ್ರೀಶೈಲಕ್ಕೆ ನಡೆದು ಬಂದ ಹಿರಿಯರೊಬ್ಬರು ಚೀಲದ ಪಟ್ಟಿ ಹಿಡಿದು ಒಮ್ಮೆ ಎತ್ತಿ ನೋಡುತ್ತಾರೆ. ಆಮೇಲೆ ಬರುವುದು ಒಂದೇ ಪ್ರಶ್ನೆ: ‘ಇಷ್ಟೆಲ್ಲಾ ಯಾರ್ ಹೊರಾವ್ರೋ ತಮ್ಮಾ?’

ಒಂದೊಂದೇ ಸಾಮಾನು ಹೊರಗೆ ಬರುತ್ತದೆ. ಉಳಿಯುವುದು ಒಂದು ಜೊತೆ ಬಟ್ಟೆ, ತೆಳುವಾದ ಹೊದಿಕೆ, ನೀರಿನ ಬಾಟಲಿ, ಬ್ಯಾಟರಿ, ಕೊಬ್ಬರಿ ಎಣ್ಣೆ, ಸೂಜಿ-ದಾರ ಮತ್ತು ಒಂದಿಷ್ಟು ತಿನಿಸು. ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿರಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಬೇರೆ ಯಾವ ಊರೇ ಇರಲಿ, ಶ್ರೀಶೈಲದ ದೇವರು ಮಲ್ಲಯ್ಯನ ಪಾದಯಾತ್ರೆಯ ಮೊದಲ ಪಾಠ ಹೀಗೆ ಚೀಲ ಖಾಲಿ ಮಾಡುವುದರಿಂದಲೇ ಶುರು.

ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆಯುವುದನ್ನು ಪಟ್ಟಣದವರು ಟ್ರೆಕ್ಕಿಂಗ್, ಬ್ಯಾಕ್‌ಪ್ಯಾಕಿಂಗ್ ಎಂದು ಈಚೆಗೆ ಕಲಿತಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇದು ತಲೆಮಾರುಗಳ ರೂಢಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಸಾವಿರಾರು ಜನ ಪ್ರತಿವರ್ಷ ಯುಗಾದಿಯ ಹೊತ್ತಿಗೆ ಆಂಧ್ರದ ಶ್ರೀಶೈಲ ಮುಟ್ಟುವಂತೆ ಮನೆ ಬಿಡುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣ ಬಿಟ್ಟು ಹೋದದ್ದೂ ಇದೇ ಶ್ರೀಗಿರಿಗೆ. ಹೇಮರೆಡ್ಡಿ ಮಲ್ಲಮ್ಮನಿಗೆ ಒಲಿದವನೂ ಇದೇ ಮಲ್ಲಯ್ಯ. ಗಂಡಸರು, ಹೆಂಗಸರು, ಕಾಲೇಜು ಹುಡುಗರು, ಅರವತ್ತು ದಾಟಿದವರು ಎಲ್ಲರೂ ಇರುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಉಂಟು.

ಗುಂಪಿನ ಮುಂದೆ ಕಂಬಿ. ಹೆಗಲ ಮೇಲೆ ಹೊರುವ, ಅಲಂಕರಿಸಿದ ಈ ಕಂಬಿಯೇ ದಾರಿಯಲ್ಲಿ ಮಲ್ಲಯ್ಯನ ಸ್ವರೂಪ. ಅದು ಎದ್ದರೆ ಎಲ್ಲರೂ ಎದ್ದ ಹಾಗೆ, ಇಳಿದರೆ ಎಲ್ಲರೂ ಕೂತ ಹಾಗೆ. ಭಕ್ತಿಯ ಮಾತು ಒತ್ತಟ್ಟಿಗಿರಲಿ, ನಡಿಗೆಯ ಲೆಕ್ಕದಲ್ಲೂ ಇದು ಜಾಣ ಏರ್ಪಾಡು. ಹೊಸಬರ ದೊಡ್ಡ ತಪ್ಪು ಮೊದಲ ದಿನದ ಓಟ. ಹುರುಪಿನಲ್ಲಿ ಮುಂದೆ ಹೋದವನು ಮೂರನೆಯ ದಿನ ಮೊಣಕಾಲು ಹಿಡಿದುಕೊಂಡು ಕೂರುತ್ತಾನೆ. ಕಂಬಿ ಹೊತ್ತವರ ಹೆಜ್ಜೆ ಒಂದೇ ಸಮ. ಅವರ ಹಿಂದೆ ನಡೆದವನಿಗೆ ಓಡಲು ಆಸ್ಪದವಿಲ್ಲ, ಹಿಂದುಳಿಯಲು ನೆಪವೂ ಇಲ್ಲ.

ಹಾದಿ ಎಷ್ಟು ಉದ್ದ? ಜಮಖಂಡಿ ಕಡೆಯಿಂದ ಸುಮಾರು 450 ಕಿಲೋಮೀಟರ್. ದಿನಕ್ಕೆ 35 ಕಿ.ಮೀ. ನಡೆದರೂ ಹದಿಮೂರು ದಿನ ಬೇಕು. ಒಂದು ಹೆಜ್ಜೆಗೆ ಮುಕ್ಕಾಲು ಮೀಟರ್ ಎಂದು ಹಿಡಿದರೆ ಆರು ಲಕ್ಷ ಹೆಜ್ಜೆ. ಚೀಲದಲ್ಲಿ ಉಳಿದ ಒಂದು ಕಿಲೋ ಹೆಚ್ಚಿನ ಭಾರವನ್ನು ಆರು ಲಕ್ಷ ಸಲ ಎತ್ತಿಟ್ಟಂತಾಯಿತು. ಅವ್ವನ ಡಬ್ಬಿ ಹೊರಗೆ ಉಳಿದದ್ದು ಈ ಲೆಕ್ಕಕ್ಕೆ.

ಈ ದಾರಿಗೆ ಒಂದು ವಿಶೇಷವಿದೆ. ಜಮಖಂಡಿ ಸೀಮೆಯ ಮಗ್ಗುಲಲ್ಲಿ ಹರಿಯುವ ಕೃಷ್ಣೆಯೇ ಶ್ರೀಶೈಲದ ಬುಡದಲ್ಲೂ ಹರಿಯುತ್ತಾಳೆ. ಅಲ್ಲಿ ಅವಳ ಹೆಸರು ಪಾತಾಳಗಂಗೆ. ಜಮಖಂಡಿಯೂ ಶ್ರೀಶೈಲವೂ ನದಿಯ ಬಲದಂಡೆಯಲ್ಲೇ ಇರುವುದರಿಂದ ಕೃಷ್ಣೆಯನ್ನು ದಾಟದೆಯೇ ಹೋಗಿ ಮುಟ್ಟಬಹುದು. ಆದರೆ ಬಲದಿಂದ ಬಂದು ಸೇರುವ ಘಟಪ್ರಭೆ, ಮಲಪ್ರಭೆ, ತುಂಗಭದ್ರೆ ಮೂರನ್ನೂ ದಾಟಲೇಬೇಕು. ಹಿರಿಯರಿಗೆ ಈ ಸೇತುವೆಗಳೇ ಮೈಲಿಗಲ್ಲು. ತುಂಗಭದ್ರೆ ದಾಟಿದರೆ ಕರ್ನೂಲು, ಅಲ್ಲಿಂದ ಮುಂದೆ ಆತ್ಮಕೂರು, ಆಮೇಲೆ ಕಾಡು.

ಹೊರಟ ಮೊದಲ ದಿನ ಕಣ್ಣಿಗೆ ಬೀಳುವುದೆಲ್ಲ ಹಸಿರು. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂದು ಅದಕ್ಕೆ ಹೆಸರು. ಆ ನೀರಿನ ಕಬ್ಬಿನ ಗದ್ದೆಗಳ ತಂಪಿನಲ್ಲಿ ಹೊರಟವನು ಲಿಂಗಸುಗೂರು, ರಾಯಚೂರಿನ ಬಯಲಿಗೆ ಬಂದಾಗ ಬೇರೆಯೇ ಲೋಕ. ನೆರಳು ತೆಳ್ಳಗಾಗುತ್ತದೆ, ಡಾಂಬರು ಕಾಯುತ್ತದೆ, ಬಿಸಿಲು ನಲ್ವತ್ತು ಡಿಗ್ರಿಯ ಹತ್ತಿರ ಬರುತ್ತದೆ. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ. ಹಬ್ಬ ಹತ್ತು ದಿನ ತಡವಾದರೆ ಅಂಗಾಲಿಗೆ ಅದು ಗೊತ್ತಾಗುತ್ತದೆ.

ಆದ್ದರಿಂದ ನಡಿಗೆ ನಸುಕಿನಲ್ಲಿ. ಕೋಳಿ ಕೂಗುವ ಮೊದಲೇ ಎದ್ದು, ಬಿಸಿಲೇರುವುದರೊಳಗೆ ದಿನದ ದೊಡ್ಡ ಪಾಲು ಮುಗಿಸಿ, ಮಧ್ಯಾಹ್ನ ಗುಡಿಯ ಕಟ್ಟೆಯಲ್ಲೋ ಶಾಲೆಯ ಜಗಲಿಯಲ್ಲೋ ಮಲಗುವುದು. ಹೊತ್ತು ಇಳಿದ ಮೇಲೆ ಮತ್ತೆ ದಾರಿ. ‘ನೀರಡಿಕಿ ಆದ ಮ್ಯಾಲ ಕುಡದ್ರ ತಡಾ ಆತು’ ಎನ್ನುವುದು ಹಳಬರು ಹೊಸಬರಿಗೆ ಹೇಳುವ ಮಾತು. ಬರೀ ನೀರು ಸಾಲದು. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಆ ಎರಡನ್ನೂ ತುಂಬಿಕೊಡುತ್ತದೆ.

ಎರಡನೆಯ ದಿನದ ಸಂಜೆಗೆ ಹೊಸಬ ತಪ್ಪದೆ ಕಲಿಯುವ ಇನ್ನೊಂದು ವಿಷಯ ಬೊಬ್ಬೆ. ಬೆವರಿನಿಂದ ಮೆತ್ತಗಾದ ಚರ್ಮ ಚಪ್ಪಲಿಗೋ ಕಾಲುಚೀಲಕ್ಕೋ ಉಜ್ಜಿದಾಗ ಮೇಲಿನ ಪದರ ಕೆಳಗಿನ ಪದರದಿಂದ ಬಿಡುತ್ತದೆ. ಆ ಸಂದಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಹೊಸ ಬೂಟು ಕೊಂಡು ಅದೇ ದಿನ ಹೊರಟವರಿಗೆ ಇದು ಕಟ್ಟಿಟ್ಟ ಬುತ್ತಿ. ಎಂಟು-ಹತ್ತು ದಿನ ಊರಲ್ಲೇ ಹಾಕಿಕೊಂಡು ಪಳಗಿಸಿದ ಚಪ್ಪಲಿಯೇ ವಾಸಿ. ಬೊಬ್ಬೆ ಚಿಕ್ಕದಿದ್ದರೆ ಮುಟ್ಟದಿರುವುದೇ ಸರಿ. ಹೆಜ್ಜೆ ಊರಲಾಗದಷ್ಟು ಉಬ್ಬಿದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಕೀಳದೆ ಪಟ್ಟಿ ಕಟ್ಟಬೇಕು. ಆ ಚರ್ಮವೇ ಗಾಯಕ್ಕೆ ಮುಚ್ಚಳ. ಅನುಭವಿಗಳ ಚೀಲದಲ್ಲಿ ಸೂಜಿಗೆ ಜಾಗ ಸಿಕ್ಕಿರುವುದು ಅಂಗಿ ಹೊಲಿಯಲಿಕ್ಕೆ ಮಾತ್ರವಲ್ಲ.

ತಿನಿಸಿನ ವಿಚಾರದಲ್ಲಿ ಈ ಸೀಮೆಯವರು ಯಾರಿಂದಲೂ ಕಲಿಯಬೇಕಾದ್ದಿಲ್ಲ. ತೇವವೆಲ್ಲ ಹೋಗುವಂತೆ ಬೇಯಿಸಿದ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ತೂಕವೂ ಇಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ. ಟ್ರೆಕ್ಕಿಂಗ್ ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ಎನರ್ಜಿ ಬಾರ್‌ನಲ್ಲಿರುವ ಕಾಳು, ಎಣ್ಣೆ, ಸಿಹಿ ಒಂದು ಶೇಂಗಾ ಉಂಡಿಯಲ್ಲಿ ಇವೆ.

ಅದನ್ನೂ ಹೆಚ್ಚು ಹೊರಬೇಕಿಲ್ಲ. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಕಾದಿರುತ್ತಾರೆ. ಒಂದು ಕಡೆ ರೊಟ್ಟಿ-ಪಲ್ಯ, ಇನ್ನೊಂದು ಕಡೆ ಕಲ್ಲಂಗಡಿ, ಮಜ್ಜಿಗೆ. ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುವವರಿದ್ದಾರೆ, ಉಚಿತವಾಗಿ ಮಾತ್ರೆ-ಮುಲಾಮು ಕೊಡುವವರಿದ್ದಾರೆ. ಅಮೆರಿಕದ ಅಪಲಾಚಿಯನ್ ಟ್ರೈಲ್ ಸುಮಾರು 3,500 ಕಿ.ಮೀ. ಉದ್ದದ ಹಾದಿ. ಅಲ್ಲಿ ನಡೆಯುವವರಿಗೆ ಊಟ, ನೀರು ಕೊಡುವ ಸ್ವಯಂಸೇವಕರನ್ನು ಹಾದಿಯ ದೇವದೂತರು ಎಂದು ಕರೆಯುತ್ತಾರೆ. ಇಲ್ಲಿ ಈ ಸೇವೆಯ ಹೆಸರು ದಾಸೋಹ. ತನಗಿಂತ ಹಿರಿಯರು ತನ್ನ ಕಾಲಿಗೆ ಎಣ್ಣೆ ಹಚ್ಚಲು ಬಗ್ಗಿದಾಗ ಹೊಸಬ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಪಕ್ಕದವರು ‘ಬಿಡೋ, ಅವ್ರು ಹಚ್ಚೂದು ನಿನಗಲ್ಲ, ಮಲ್ಲಯ್ಯಗ’ ಎಂದ ಮೇಲೆ ಮತ್ತೆ ಚಾಚುತ್ತಾನೆ.

ನಿಜವಾದ ಪರೀಕ್ಷೆ ಕೊನೆಗೆ. ಆತ್ಮಕೂರಿನ ಆಚೆ ವೆಂಕಟಾಪುರದಿಂದ ನಲ್ಲಮಲ ಕಾಡಿನ ಕಾಲುದಾರಿ. ಇದು ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶವಾದ ನಾಗಾರ್ಜುನಸಾಗರ-ಶ್ರೀಶೈಲಂಗೆ ಸೇರಿದ ಕಾಡು. ಶಿವರಾತ್ರಿ, ಯುಗಾದಿ ಪಾದಯಾತ್ರೆಯ ದಿನಗಳಲ್ಲಿ ಅರಣ್ಯ ಇಲಾಖೆ ಯಾತ್ರಿಕರನ್ನು ಈ ಹಾದಿಗೆ ಬಿಡುತ್ತದೆ. ನಾಗಲೂಟಿ, ಪೆದ್ದಚೆರುವು ದಾಟಿದರೆ ಭೀಮನಕೊಳ್ಳ. ಕಡಿದಾದ ಕಣಿವೆಗೆ ಇಳಿದು, ಇಳಿದಷ್ಟನ್ನೂ ಎದುರಿನ ಮೆಟ್ಟಿಲಲ್ಲಿ ಮತ್ತೆ ಹತ್ತಬೇಕು. ಹತ್ತು-ಹನ್ನೆರಡು ದಿನ ಸಪಾಟು ನೆಲದಲ್ಲಿ ಪಳಗಿದ ಕಾಲಿಗೆ ಏರು ಹೊಸದು. ಅಲ್ಲಿ ಗುಂಪು ಚದುರುತ್ತದೆ, ಆದರೆ ಒಬ್ಬೊಬ್ಬರೇ ಆಗುವುದಿಲ್ಲ. ಹಳಬರೊಬ್ಬರು ಬೇಕೆಂದೇ ಹಿಂದೆ ಉಳಿದು, ಕೊನೆಯವರ ಜೊತೆ ಕೂತೆದ್ದು ಬರುತ್ತಾರೆ. ಹತ್ತಿ ಮುಗಿಸಿದರೆ ಕೈಲಾಸ ಬಾಗಿಲು, ಅದರಾಚೆ ಶ್ರೀಶೈಲ.

ಮಲ್ಲಯ್ಯನ ಮಡದಿ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು ಎನ್ನುವುದು ಈ ಕಡೆಯವರ ನಂಬಿಕೆ. ಹಾಗಾಗಿ ಅವಳಿಗೆ ತವರಿನ ಸೀರೆ, ಅರಿಶಿನ-ಕುಂಕುಮ. ಮಲ್ಲಯ್ಯ ಅಳಿಯ. ನಲ್ಲಮಲದ ಚೆಂಚು ಜನರದೂ ಇಂಥದೇ ಕಥೆ. ತಮ್ಮ ಹುಡುಗಿಯನ್ನು ಮದುವೆಯಾದ ಅವನನ್ನು ಚೆಂಚು ಮಲ್ಲಯ್ಯ ಎಂದು ಅವರೂ ಅಳಿಯನನ್ನಾಗಿ ಮಾಡಿಕೊಂಡಿದ್ದಾರೆ. ಕೊನೆಯ ಈ ನಡಿಗೆ ಬೀಗರ ಕಾಡಿನೊಳಗೆ ಹಾದು ಮಗಳ ಮನೆಗೆ ಹೋದ ಹಾಗೆ.

ಮರಳುವಾಗ ಬಹಳ ಮಂದಿ ಬಸ್ಸು ಹಿಡಿಯುತ್ತಾರೆ. ಹದಿಮೂರು ದಿನದ ಹಾದಿ ಕಿಟಕಿಯ ಆಚೆ ಹಿಂದುಮುಂದಾಗಿ ಓಡುತ್ತದೆ: ಆತ್ಮಕೂರು, ತುಂಗಭದ್ರೆಯ ಸೇತುವೆ, ಮಜ್ಜಿಗೆ ಕೊಟ್ಟ ಶಾಮಿಯಾನದ ಖಾಲಿ ಕಂಬಗಳು. ಕಂಬಿ ಊರಿಗೆ ಬಂದ ಮೇಲೆ ಐದೇಶಿ, ಊರಿಗೆಲ್ಲ ಊಟ. ಅಂದು ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಲಾರದೆ ಕಾಲು ಚಾಚಿ ಕೂತವನು ಯಾರು ಎಂದು ನೋಡಿದರೆ, ಮೊದಲ ಸಲ ನಡೆದು ಬಂದವನು. ಪಕ್ಕದ ಮನೆಯ ಹುಡುಗ, ಬರುವ ವರ್ಷ ತಾನೂ ಬರಬೇಕು, ಯಾವ ಬೂಟು ತಗೊಳ್ಳಲಿ ಎಂದು ಅವನನ್ನು ಕೇಳುತ್ತಿದ್ದಾನೆ.