ಘಟ್ಟದ ಮೇಲಿನ ಯೂನಿಟ್ ಲೆಕ್ಕ

ಬೆಂಗಳೂರು ಬಿಟ್ಟು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ ದಾಟಿ ಸಾಗರ ಮುಟ್ಟುವ ಹೊತ್ತಿಗೆ ಕಾರು ಹೆಚ್ಚುಕಡಿಮೆ 370 ಕಿ.ಮೀ. ಓಡಿರುತ್ತದೆ. ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ ಆರೂವರೆ ಕಿ.ಮೀ. ಕೊಡುತ್ತದೆ ಎಂದು ಹಿಡಿದರೆ ಈ ದಾರಿಗೆ 57 ಯೂನಿಟ್ ಕರೆಂಟು ಬೇಕು. ಅಷ್ಟನ್ನೂ ಮನೆಯ ಮೀಟರಿನಿಂದ ತುಂಬಿಕೊಳ್ಳುವಂತಿದ್ದರೆ ಖರ್ಚು ನಾನೂರು ರೂಪಾಯಿ ಚಿಲ್ಲರೆ. ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ದರವಿದ್ದು, ಅದರ ಮೇಲೆ ಜಿಎಸ್‌ಟಿ ಸೇರಿದರೆ ಅದೇ ದಾರಿಗೆ 1,345 ರೂಪಾಯಿ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ, ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ, ಎರಡೂವರೆ ಸಾವಿರದ ಆಸುಪಾಸು.

ಕಾರು ಅದೇ, ದಾರಿ ಅದೇ. ಕರೆಂಟು ಎಲ್ಲಿಂದ ಬಂತು ಎನ್ನುವುದೊಂದೇ ಖರ್ಚನ್ನು ಮೂರು ಪಟ್ಟು ಹಿಗ್ಗಿಸುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಈ ಲೆಕ್ಕಕ್ಕೆ ಹೆಚ್ಚು ಬೆಲೆ ಇದೆ. 2024ರ ಆರಂಭದಲ್ಲಿ ರಾಜ್ಯದಲ್ಲಿದ್ದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 5,059. ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲು. ಆದರೆ ಅವುಗಳಲ್ಲಿ 4,281 ಇದ್ದದ್ದು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ಉಳಿದ ಎಲ್ಲ ಜಿಲ್ಲೆಗಳಿಗೂ ಸೇರಿ ಎಂಟುನೂರೂ ಇರಲಿಲ್ಲ. ಶಿವಮೊಗ್ಗ ದಾಟಿ ಮಲೆನಾಡಿನ ಒಳಗೆ ಹೋದಂತೆ ಫಾಸ್ಟ್ ಚಾರ್ಜರುಗಳು ವಿರಳವಾಗುತ್ತವೆ. ನಾಲ್ಕು ಕಡೆ ದರ ವಿಚಾರಿಸಿ ಅಗ್ಗದ್ದನ್ನು ಆರಿಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ಹಾಗಾಗಿ ಈ ಭಾಗದಲ್ಲಿ ಹಣ ಉಳಿಯಬೇಕಾದರೆ ಹೊರಡುವ ಮೊದಲೇ ಯೋಚಿಸಿರಬೇಕು.

ಸಾರ್ವಜನಿಕ ಚಾರ್ಜರಿನ ದರ ಯಾಕಿಷ್ಟು ಹೆಚ್ಚು? ಕರೆಂಟೇ ದುಬಾರಿ ಎಂದಲ್ಲ. ವಾಹನ ಚಾರ್ಜಿಂಗ್‌ಗೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪ್ರತ್ಯೇಕ ದರ ವರ್ಗವನ್ನೇ ಇಟ್ಟಿದೆ. 2024ರ ಆದೇಶದಲ್ಲಿ ಅದು ಯೂನಿಟ್ಟಿಗೆ 4.50 ರೂಪಾಯಿ, ಮನೆ ಬಳಕೆಯ ದರಕ್ಕಿಂತ ಕಡಿಮೆ. ಉಳಿದದ್ದು ಯಂತ್ರದ ಬಂಡವಾಳ, ಜಾಗದ ಬಾಡಿಗೆ, ಟ್ರಾನ್ಸ್‌ಫಾರ್ಮರ್, ದುರಸ್ತಿ, ಸಾಲದ ಬಡ್ಡಿ. ಫಾಸ್ಟ್ ಚಾರ್ಜರಿಗೆ ಲಕ್ಷಾಂತರ ರೂಪಾಯಿ ಸುರಿದವರಿಗೆ ದಿನಕ್ಕೆ ಇಪ್ಪತ್ತು ಕಾರು ಬಂದರೆ ಒಂದು ಲೆಕ್ಕ, ಎರಡು ಬಂದರೆ ಇನ್ನೊಂದು. ಮಲೆನಾಡಿನ ಸಣ್ಣ ಪೇಟೆಗಳಲ್ಲಿ ವಾರಾಂತ್ಯಕ್ಕೆ ಪ್ರವಾಸಿಗರು ಬರುತ್ತಾರೆ, ಸೋಮವಾರದಿಂದ ಯಂತ್ರ ಖಾಲಿ ನಿಲ್ಲುತ್ತದೆ. ಆ ಖಾಲಿ ದಿನಗಳ ಹೊರೆಯೂ ಬಂದವರ ಬಿಲ್ಲಿನ ಮೇಲೇ ಬೀಳುತ್ತದೆ.

ಇದರ ಮೇಲೆ ಶೇ 18 ಜಿಎಸ್‌ಟಿ. ಈ ತೆರಿಗೆಯ ಪ್ರಶ್ನೆ ಇತ್ಯರ್ಥಕ್ಕೆ ಬಂದದ್ದೂ ಕರ್ನಾಟಕದಲ್ಲೇ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಚಾರ್ಜಿಂಗ್ ಕೇಂದ್ರಗಳನ್ನು ತೆರೆಯಲು ಹೊರಟಾಗ, ಗ್ರಾಹಕರಿಂದ ಪಡೆಯುವ ಹಣಕ್ಕೆ ತೆರಿಗೆ ಉಂಟೇ ಎಂದು ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಬರೀ ವಿದ್ಯುತ್ ಮಾರಾಟವಾಗಿದ್ದರೆ ಜಿಎಸ್‌ಟಿ ಇರುತ್ತಿರಲಿಲ್ಲ. ಆದರೆ ಬ್ಯಾಟರಿ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಆದ್ದರಿಂದ ಕರೆಂಟಿನ ಹಣ ಮತ್ತು ಸೇವಾ ಶುಲ್ಕ ಎರಡಕ್ಕೂ ಶೇ 18 ತೆರಿಗೆ ಅನ್ವಯ ಎಂದು 2023ರಲ್ಲಿ ಪ್ರಾಧಿಕಾರ ಹೇಳಿತು. ಅದೇ ಕರೆಂಟನ್ನು ಮನೆಯಲ್ಲಿ ತುಂಬಿದರೆ ಈ ತೆರಿಗೆ ಇಲ್ಲ. ಹಲವು ಆ್ಯಪ್‌ಗಳು ಮೊದಲು ತೋರಿಸುವುದು ತೆರಿಗೆ ಸೇರಿಸದ ದರವನ್ನು. ದರ ಹೋಲಿಸುವವರು ಕೊನೆಯಲ್ಲಿ ಕಟ್ಟುವ ಮೊತ್ತವನ್ನೇ ನೋಡಬೇಕು.

ಅಲ್ಲಿಗೆ ಮೊದಲ ಉಪಾಯ ಸ್ಪಷ್ಟ. ಹೊರಡುವಾಗ ಬ್ಯಾಟರಿ ಮನೆಯಲ್ಲೇ ತುಂಬಿರಬೇಕು, ತಂಗುವ ಕಡೆ ರಾತ್ರಿ ಇಡೀ ನಿಧಾನವಾಗಿ ತುಂಬಬೇಕು, ನಡುವೆ ಫಾಸ್ಟ್ ಚಾರ್ಜರಿನಲ್ಲಿ ಮುಂದಿನ ನಿಲ್ದಾಣ ಮುಟ್ಟುವಷ್ಟು ಮಾತ್ರ ಹಾಕಿಸಬೇಕು. ಸಾಮಾನ್ಯ 15 ಆ್ಯಂಪ್ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆದರೆ ಸೋರಿಕೆ ಕಳೆದು 150 ಕಿ.ಮೀ.ಗೂ ಹೆಚ್ಚು ಓಡುವಷ್ಟು ಸಿಗುತ್ತದೆ. ಸಾಗರದಿಂದ ಜೋಗಕ್ಕೆ ಹೋಗಿಬರಲು ಅರವತ್ತು ಕಿ.ಮೀ. ಸಾಕು. ತೀರ್ಥಹಳ್ಳಿಯಲ್ಲಿ ಉಳಿದು ಕುಪ್ಪಳಿ, ಆಗುಂಬೆ ಸುತ್ತುವವರಿಗೂ ಒಂದು ರಾತ್ರಿಯ ಚಾರ್ಜು ಧಾರಾಳ. ಹೋಮ್‌ಸ್ಟೇ ಗೊತ್ತುಮಾಡುವಾಗ ಊಟ, ಬಿಸಿನೀರು ವಿಚಾರಿಸುವ ಜೊತೆಗೆ, ಕಾರು ನಿಲ್ಲುವ ಜಾಗಕ್ಕೆ ಅರ್ಥಿಂಗ್ ಇರುವ 15 ಆ್ಯಂಪ್ ಪ್ಲಗ್ಗು ಇದೆಯೇ ಎಂದೂ ಕೇಳಬೇಕು. ಬಳಸಿದ ಯೂನಿಟ್ಟಿಗೆ ಹಣ ಕೊಡುವ ಮಾತನ್ನು ಅತಿಥಿಯೇ ಮೊದಲು ಎತ್ತುವುದು ಒಳ್ಳೆಯದು. ಮನೆಯವರಿಗೆ ಅನ್ವಯಿಸುವುದು ವಾಣಿಜ್ಯ ದರವೂ ಇರಬಹುದು. ನೂರಿನ್ನೂರು ರೂಪಾಯಿ ಕೊಟ್ಟರೂ ಹೆದ್ದಾರಿಯ ದರದ ಅರ್ಧವೂ ಆಗದು.

ಅರ್ಥಿಂಗ್ ವಿಷಯವನ್ನು ಹಗುರವಾಗಿ ನೋಡಬಾರದು. ಹಳೆಯ ಮನೆಗಳಲ್ಲಿ ಅದು ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ. ಉದ್ದದ ಎಕ್ಸ್‌ಟೆನ್ಶನ್ ವೈರು ಎಳೆದು ಮಳೆಯಲ್ಲಿ ಚಾರ್ಜಿಗೆ ಇಡುವುದು ಪ್ರಾಣಕ್ಕೇ ಅಪಾಯ. ಬೇಸಿಗೆಯಲ್ಲಿ ತೋಟಗಳಿಗೆ ನೀರು ಬಿಡಲು ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿದು ಚಾರ್ಜಿಂಗ್ ನಿಧಾನವಾಗಬಹುದು, ನಿಂತೂಹೋಗಬಹುದು. ನಡುರಾತ್ರಿಯ ಹೊತ್ತೇ ಲೇಸು.

ಊರಿನಲ್ಲೇ ಇರುವ ಕಾರಿನವರಿಗೆ ಗೃಹಜ್ಯೋತಿಯ ಲೆಕ್ಕ ಬೇರೆ ಇದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂಬ ತಿಳಿವಳಿಕೆ ಹಲವರಲ್ಲಿದೆ. ನಿಜವಾಗಿ ಉಚಿತವಿರುವುದು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ತಿಂಗಳಿಗೆ ಸರಾಸರಿ 70 ಯೂನಿಟ್ ಬಳಸುತ್ತಿದ್ದ ಮನೆಗೆ ಉಚಿತವಾಗಿ ಸಿಗುವುದು 77. ಆ ಮನೆಗೆ ಕಾರು ಬಂತು, ತಿಂಗಳಿಗೆ 700 ಕಿ.ಮೀ. ಓಡಿತು ಎನ್ನೋಣ. ಕಾರಿನೊಳಗಿನ ಚಾರ್ಜರಿನಲ್ಲಿ ಆಗುವ ನಷ್ಟ ಸೇರಿ ಮೀಟರು ಸುಮಾರು 120 ಯೂನಿಟ್ ಹೆಚ್ಚು ಓಡುತ್ತದೆ. ಒಟ್ಟು 190. ಹೆಚ್ಚುವರಿ 113 ಯೂನಿಟ್ಟಿಗೆ, 2025–26ರ ದರವಾದ 5.80 ರೂಪಾಯಿಯಂತೆ, 655 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಕಟ್ಟಿದರಾಯಿತು. ಆದರೆ ಮದುವೆ, ಹಬ್ಬ ಎಂದು ಓಡಾಟ ಹೆಚ್ಚಾಗಿ ಒಟ್ಟು 205 ಆಯಿತೆನ್ನಿ, ಉಚಿತದ 77 ಕೂಡ ಕೈತಪ್ಪುತ್ತದೆ. ಇನ್ನೂರು ಮೀರಿದ ಮನೆಯವರು ಪೂರ್ತಿ ಬಿಲ್ಲು ಕಟ್ಟಬೇಕು. ಕೊನೆಯ ಆ ಐದು ಯೂನಿಟ್ಟಿಗಾಗಿ ನಾಲ್ಕುನೂರೈವತ್ತು ರೂಪಾಯಿಯಷ್ಟು ಹೆಚ್ಚು ತೆತ್ತಂತೆ. ಮೀಟರ್ ರೀಡರ್ ಬರುವ ತಾರೀಖು ಹತ್ತಿರವಾದಾಗ ಮೀಟರನ್ನೊಮ್ಮೆ ನೋಡಿಕೊಂಡು, ಅಂಚಿಗೆ ಬಂದಿದ್ದರೆ ಹದಿನೈದು ಯೂನಿಟ್ ಹೊರಗೆ ಹಾಕಿಸಿಕೊಳ್ಳುವುದು ಲಾಭವೇ. ಸಾರ್ವಜನಿಕ ಚಾರ್ಜರು ಮನೆಗಿಂತ ಅಗ್ಗವಾಗುವ ಅಪರೂಪದ ಸಂದರ್ಭ ಇದು.

ಓಡಾಟ ಇನ್ನೂ ಹೆಚ್ಚಿರುವವರಿಗೆ ಬೇರೆ ದಾರಿ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಗ್ರಾಹಕರಿಗಿದೆ. ಆಗ ಕಾರಿನ ಯೂನಿಟ್ಟು ಮನೆಯ ಲೆಕ್ಕಕ್ಕೆ ಸೇರುವುದಿಲ್ಲ. ಹೊಸ ಮೀಟರಿನ ಠೇವಣಿ, ತಿಂಗಳ ನಿಗದಿತ ಶುಲ್ಕ ಎಷ್ಟೆಂದು ಈ ಭಾಗಕ್ಕೆ ವಿದ್ಯುತ್ ಪೂರೈಸುವ ಮೆಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ, ತಮ್ಮ ಓಡಾಟಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡಬೇಕು. ತೋಟದ ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಮಾತ್ರ ಕಾರು ಜೋಡಿಸಕೂಡದು. 10 ಅಶ್ವಶಕ್ತಿವರೆಗಿನ ಆ ಸೌಲಭ್ಯ ನೀರಾವರಿಗಷ್ಟೇ. ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ದುಪ್ಪಟ್ಟು ದರದಲ್ಲಿ ವಸೂಲಿ ಮಾಡುತ್ತಾರೆ.

ಇನ್ನು ದಾರಿಯ ನಡುವೆ. ಫಾಸ್ಟ್ ಚಾರ್ಜರಿನಲ್ಲಿ ಬ್ಯಾಟರಿ ಶೇ 80 ಮುಟ್ಟಿದ ಮೇಲೆ ವೇಗ ಕುಸಿಯುತ್ತದೆ. ಕೊನೆಯ ಇಪ್ಪತ್ತು ಭಾಗ ತುಂಬಲು ಹಿಡಿಯುವ ಹೊತ್ತು, ಅದಕ್ಕೂ ಹಿಂದಿನ ಅರ್ಧ ಭಾಗಕ್ಕೆ ಹಿಡಿದಷ್ಟೇ ಆಗುವುದುಂಟು. ಮುಂದೆ ರಾತ್ರಿ ತಂಗುವ ಕಡೆ ಪ್ಲಗ್ಗು ಇರುವಾಗ ಆ ದುಬಾರಿ ಯೂನಿಟ್ಟುಗಳಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಒಂದೇ ಜಾಗದಲ್ಲಿ ಫಾಸ್ಟ್ ಚಾರ್ಜರ್ ಮತ್ತು ಎಸಿ ಚಾರ್ಜರ್ ಎರಡೂ ಇದ್ದರೆ ಎಸಿಯ ದರ ಸಾಮಾನ್ಯವಾಗಿ ಕಡಿಮೆ. ಊಟ, ದೇವರ ದರ್ಶನ, ಪೇಟೆ ಕೆಲಸ ಎಂದು ಎರಡು ಮೂರು ಗಂಟೆ ಹೇಗೂ ನಿಲ್ಲುವವರು ಅದನ್ನೇ ಹಿಡಿಯಬಹುದು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಬಿಸಿಲಿನ ಹೊತ್ತಿನಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಅಗ್ಗದ ಕರೆಂಟು, ಉಳಿದ ಹೊತ್ತಿನಲ್ಲಿ ದುಬಾರಿ ಕರೆಂಟು ಕೊಡಬೇಕೆನ್ನುತ್ತದೆ. ಹೊತ್ತಿಗೆ ತಕ್ಕಂತೆ ದರ ಇಟ್ಟಿರುವ ಕಡೆ ಮಧ್ಯಾಹ್ನವೇ ಚಾರ್ಜ್ ಮುಗಿಸಿಕೊಂಡರೆ ಲಾಭ.

ಘಟ್ಟದ ಲೆಕ್ಕ ಈ ಭಾಗದವರೆಲ್ಲ ತಿಳಿದಿರಬೇಕಾದ್ದು. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹದಿನಾಲ್ಕು ತಿರುವು ಇಳಿದು ಹೆಬ್ರಿ ಕಡೆ ಸೇರುವಷ್ಟರಲ್ಲಿ ಐನೂರು ಮೀಟರಿಗೂ ಹೆಚ್ಚು ಇಳಿದಿರುತ್ತೇವೆ. 1,600 ಕಿಲೋ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬರೀ ಏರಿಗೆಂದೇ ಎರಡೂವರೆ ಯೂನಿಟ್‌ನಷ್ಟು ಖರ್ಚಾಗುತ್ತದೆ, ಅಂದರೆ ಸಮತಟ್ಟು ರಸ್ತೆಯ ಹದಿನೈದು ಕಿ.ಮೀ. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ. ತೀರ್ಥಹಳ್ಳಿ ಅಥವಾ ಆಗುಂಬೆಯಲ್ಲಿ ಶೇ 100 ತುಂಬಿಸಿಕೊಂಡು ಘಟ್ಟ ಇಳಿಯಲು ಹೊರಟವರು ವಾಪಸ್ ಸಿಗಬೇಕಿದ್ದ ಕರೆಂಟನ್ನು ಬ್ರೇಕಿನ ಬಿಸಿಯಲ್ಲಿ ಕಳೆದುಕೊಳ್ಳುತ್ತಾರೆ. ಇಳಿಯುವ ಮೊದಲು ಸ್ವಲ್ಪ ಖಾಲಿ ಇಟ್ಟುಕೊಳ್ಳಬೇಕು. ಏರುವ ಮೊದಲು, ಉಡುಪಿ ಅಥವಾ ಕುಂದಾಪುರ ಬಿಡುವಾಗಲೇ, ಸಾಕಷ್ಟು ತುಂಬಿಸಿಕೊಂಡಿರಬೇಕು. ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ ಬರುವವರಿಗೂ, ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಸಾಗರಕ್ಕೆ ಬರುವವರಿಗೂ ಇದೇ ಮಾತು.

ಮಲೆನಾಡಿನಲ್ಲಿ ಫೋನಿನ ಸಿಗ್ನಲ್ಲೂ ಖರ್ಚಿನ ಭಾಗವೇ. ಬಹುತೇಕ ಚಾರ್ಜರುಗಳು ಚಾಲೂ ಆಗುವುದು ಆ್ಯಪ್ ಮೂಲಕ. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ವ್ಯಾಲೆಟ್. ಒಂದೊಂದರಲ್ಲೂ ನೂರು ಇನ್ನೂರು ಹಾಕಿಟ್ಟು ಮರೆತರೆ ಉಳಿತಾಯದ ಮಾತೇ ಇಲ್ಲ. ಸಾಧ್ಯವಿರುವ ಕಡೆ ವ್ಯಾಲೆಟ್ಟಿಗೆ ದೊಡ್ಡ ಮೊತ್ತ ಹಾಕದೆ ಯುಪಿಐನಲ್ಲಿ ಆಗಿಂದಾಗ ಕಟ್ಟುವುದು ವಾಸಿ. ಆ್ಯಪ್ ಇಳಿಸಿಕೊಳ್ಳುವುದು, ಒಟಿಪಿ ಪಡೆದು ನೋಂದಾಯಿಸುವುದು ಇವೆಲ್ಲ ಶಿವಮೊಗ್ಗ ಬಿಡುವ ಮೊದಲೇ ಮುಗಿದಿರಲಿ. ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳುವುದು ಇನ್ನೂ ಮೇಲು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಬರುವ ಹೊತ್ತನ್ನು ಲೈನ್‌ಮನ್ ಕೂಡ ಹೇಳಲಾರ. ಕೆಟ್ಟುನಿಂತ ಚಾರ್ಜರನ್ನು ನಂಬಿ ಮೂವತ್ತು ಕಿ.ಮೀ. ಸುತ್ತಿದರೆ ಹೋಗುವುದು ಐದು ಯೂನಿಟ್ ಮತ್ತು ಅರ್ಧ ದಿನ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಜನ ಸಾರ್ವಜನಿಕ ಚಾರ್ಜಿಂಗ್ ವ್ಯವಸ್ಥೆಯನ್ನು ಕೇಳಲು ಎಲ್ಲರಿಗಿಂತ ಹೆಚ್ಚು ಹಕ್ಕುಳ್ಳವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಸಾಗರ, ಹೊಸನಗರ ಸೀಮೆಯ ಊರೂರೇ ಮುಳುಗಿದವು. ಅದೇ ನೀರು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ವಾರಾಹಿಯ 460 ಮೆಗಾವಾಟ್ ಯೋಜನೆಗೆ ನೀರು ನಿಲ್ಲಿಸುವ ಮಾಣಿ ಅಣೆಕಟ್ಟು ಹೊಸನಗರ ತಾಲೂಕಿನದು. ರಾಜ್ಯಕ್ಕೆ ದಶಕಗಟ್ಟಲೆ ಬೆಳಕು ಕೊಟ್ಟ ನೆಲದಲ್ಲಿ ಬಸ್ ನಿಲ್ದಾಣ, ತಾಲೂಕು ಆಸ್ಪತ್ರೆ, ಎಪಿಎಂಸಿ ಯಾರ್ಡುಗಳ ಪಕ್ಕ ನಾಲ್ಕು ಪ್ಲಗ್ಗು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಅದಕ್ಕೆ ದೊಡ್ಡ ಹಣವೂ ಬೇಕಿಲ್ಲ. ಸ್ಕೂಟರು, ಆಟೋಗಳಿಗೆಂದು ಮೂರು ಕಿಲೋವಾಟ್‌ನ, ಮೊಬೈಲಿನಿಂದ ನಡೆಯುವ ಅಗ್ಗದ ಎಸಿ ಚಾರ್ಜಿಂಗ್ ಪಾಯಿಂಟ್ ಒಂದನ್ನು ದೇಶದಲ್ಲೇ ರೂಪಿಸುವ ಕೆಲಸ 2021ರಲ್ಲಿ ನಡೆಯಿತು. ಗುರಿ ಇಟ್ಟುಕೊಂಡ ಬೆಲೆ 3,500 ರೂಪಾಯಿಯಷ್ಟು. ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆ 2,000 ಕೋಟಿ ರೂಪಾಯಿ ಮೀಸಲಿದೆ. ಚಾರ್ಜಿಂಗ್ ಕೇಂದ್ರ ನಡೆಸಲು ಲೈಸೆನ್ಸ್ ಬೇಡವೆಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದ್ದರಿಂದ ಸಹಕಾರ ಸಂಘ, ಹೋಟೆಲು, ದೇವಸ್ಥಾನ, ಗ್ರಾಮ ಪಂಚಾಯಿತಿ ಯಾರು ಬೇಕಾದರೂ ಮುಂದೆ ಬರಬಹುದು. ಅಡಿಕೆ ಮಾರಲು ಸಾಗರದ ಮಂಡಿಗೆ ಬಂದವರ ಗಾಡಿ ವ್ಯಾಪಾರ ಮುಗಿಯುವವರೆಗೆ ನಾಲ್ಕು ಗಂಟೆ ಅಲ್ಲೇ ನಿಂತಿರುತ್ತದೆ. ಆ ಹೊತ್ತಿನಲ್ಲಿ ಹನ್ನೆರಡು ಯೂನಿಟ್ ಒಳಗೆ ಹೋದರೆ ವಾಪಸ್ ಹಳ್ಳಿ ಸೇರಿ, ಮರುದಿನದ ಪೇಟೆ ಓಡಾಟಕ್ಕೂ ಸಾಕಾಗುತ್ತದೆ.