ಧಕ್ಕೆಯ ಹೊಗೆ

ಕೊಪ್ಪಳದ ಬಯಲಿನವನಾದ ನನಗೆ ಹೊಗೆ ಹೊಸತಲ್ಲ. ಗಿಣಿಗೇರಿಯ ಕಡೆಯ ಚಿಮಣಿಗಳ ಕಪ್ಪು ಧೂಳನ್ನು ನಮ್ಮ ಅಂಗಳದಲ್ಲಿ ದಿನವೂ ಗುಡಿಸುತ್ತೇವೆ. ಆದರೆ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ, ಧಕ್ಕೆಗೆ ಕಟ್ಟಿ ನಿಂತ ಹಡಗೂ ಹೊಗೆಯುಗುಳುವುದನ್ನು ಕಂಡು ವಿಸ್ಮಯಪಟ್ಟೆ. ದೊಡ್ಡ ಎಂಜಿನ್ನು ಮಲಗಿದರೂ ದೀಪಕ್ಕೆ, ಪಂಪಿಗೆ ವಿದ್ಯುತ್ತು ಒದಗಿಸುವ ಸಣ್ಣ ಎಂಜಿನ್ನುಗಳು ಮಲಗುವುದಿಲ್ಲವಷ್ಟೆ!

ಈ ಹೊಗೆಯನ್ನು ತೂಗುವ ತಕ್ಕಡಿ ಯಾವುದು? ಲೆಕ್ಕವೇ. ಎಂಜಿನ್ನಿನ ಶಕ್ತಿಯನ್ನು ಅದು ಹೊತ್ತ ಹೊರೆಯ ಪಾಲಿನಿಂದಲೂ, ದುಡಿದ ಗಂಟೆಗಳಿಂದಲೂ ಗುಣಿಸಿ, ಕಿಲೋವ್ಯಾಟ್-ಗಂಟೆಯೊಂದಕ್ಕೆ ಹೊರಬೀಳುವ ವಿಷದ ಗ್ರಾಮುಗಳಿಂದ ಮತ್ತೆ ಗುಣಿಸುತ್ತಾರೆ. ನಾಳೆಯದನ್ನು ನುಡಿಯಲು ಬರಲಿರುವ ಹಡಗುಗಳ ಪಟ್ಟಿಯೂ ಗಾಳಿಯ ದಿಕ್ಕೂ ಬೇಕು. ಹಗಲಿನ ಕಡಲಗಾಳಿ ಹೊಗೆಯನ್ನು ಊರಿನತ್ತಲೇ ತರುತ್ತದೆ. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇಕಡ 3.5ರಿಂದ 0.5ಕ್ಕೆ ಇಳಿಯಿತು, ಲೆಕ್ಕಿಗರು ಆ ಅಂಕಿಯನ್ನು ತಿದ್ದಬೇಕಾಯಿತು.

ಊರಿಗೆ ಮರಳಿದಾಗ ಮಗಳು ಅಂಗಳ ಗುಡಿಸುತ್ತಿದ್ದಳು. ನಮ್ಮ ಚಿಮಣಿಗಳು ಹೊಗೆಯಾಡಿದ ಗಂಟೆಗಳನ್ನು ಅಂದಿನಿಂದ ಬರೆದಿಡುತ್ತಿದ್ದೇನೆ.