ಹಳೆಯ ಕಾರು, ಹೊಸ ನಕ್ಷೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ದಾರಿ ತೋರಿಸುವ ನ್ಯಾವಿಗೇಷನ್ ಪರದೆಯ ಹಿಂದೆ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಉಪಗ್ರಹಗಳ ಸಂಕೇತ ಹಿಡಿದು ಕಾರು ಎಲ್ಲಿದೆ ಎಂದು ಲೆಕ್ಕ ಹಾಕುವುದು ರಿಸೀವರ್. ಆ ಸ್ಥಾನವನ್ನು ರಸ್ತೆಯೊಂದರ ಮೇಲೆ ಕೂರಿಸಲು ಬೇಕಾದದ್ದು ನಕ್ಷೆ. ಹೋಗಬೇಕಾದ ಊರಿಗೆ ದಾರಿ ಹುಡುಕಿ ಹೇಳುವುದು ತಂತ್ರಾಂಶ. ಹತ್ತು ಹನ್ನೆರಡು ವರ್ಷ ಓಡಿದ ಕಾರಿನಲ್ಲಿ ಈ ಮೂರಕ್ಕೂ ಒಂದೇ ಸಲ ವಯಸ್ಸಾಗಿರುವುದಿಲ್ಲ. ಕಂಪನಿ ಕೂರಿಸಿದ ಸೆಟ್ಟನ್ನೇ ಉಳಿಸಿಕೊಳ್ಳುವುದೋ, ಆ್ಯಕ್ಸೆಸರೀಸ್ ಅಂಗಡಿಯಲ್ಲಿ ಹೊಸದು ಹಾಕಿಸುವುದೋ ಎಂಬುದು ಯಾವುದಕ್ಕೆ ವಯಸ್ಸಾಗಿದೆ ಎಂಬುದರ ಮೇಲೆ ನಿಂತಿದೆ.

ಮೂರರಲ್ಲಿ ಹೆಚ್ಚು ಬಾಳುವುದು ರಿಸೀವರ್. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮ ಪರಮಾಣು ಗಡಿಯಾರದ ಸಮಯವನ್ನು ಬಿಡದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟು ಹೊತ್ತಿಗೆ ಬಂದು ಮುಟ್ಟಿತು ಎಂದು ಹೋಲಿಸಿ ರಿಸೀವರ್ ತನ್ನ ಸ್ಥಾನ ಕಂಡುಕೊಳ್ಳುತ್ತದೆ. ಸಮಯದಲ್ಲಿ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಸಾಪೇಕ್ಷತೆಯ ಪರಿಣಾಮದಿಂದ ಮೇಲಿನ ಗಡಿಯಾರಗಳು ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುವುದರಿಂದ, ಅದನ್ನು ಮೊದಲೇ ಸರಿಪಡಿಸಿಟ್ಟಿರುತ್ತಾರೆ. ಈ ಸಂಕೇತ ಎಲ್ಲರಿಗೂ ಉಚಿತ. ಸೆಟ್ಟಿನ ಬೆಲೆ ಏರಿದಂತೆ ಅದು ಹೆಚ್ಚು ನಿಖರವಾಗುವುದೂ ಇಲ್ಲ. ಸ್ಥಾನ ತಿಳಿಯಲು ಮೊಬೈಲ್ ಡೇಟಾ ಬೇಕು ಎಂದು ಹಲವರು ನಂಬಿದ್ದಾರೆ, ಅದೂ ಬೇಕಿಲ್ಲ.

ಬೇಕಾದದ್ದು ತೆರೆದ ಆಕಾಶ. ನೆಲ ಮುಟ್ಟುವ ಹೊತ್ತಿಗೆ ಸಂಕೇತದ ಶಕ್ತಿ ಒಂದು ವ್ಯಾಟ್‌ನ ಕೋಟಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸುತ್ತಲಿನ ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಹತ್ತು ವರ್ಷದ ರಿಸೀವರೂ 5 ಮೀಟರ್ ಆಸುಪಾಸಿನಲ್ಲಿ ಸ್ಥಾನ ಹೇಳೀತು. ಚನ್ನಗಿರಿ ಕಡೆಯ ದಟ್ಟ ಅಡಿಕೆ ತೋಟಗಳ ನಡುವೆ, ಅದಕ್ಕಿಂತ ಹೆಚ್ಚಾಗಿ ಆಗುಂಬೆ ಘಾಟಿಯ ಮರಗಳ ಕೆಳಗೆ, ಬಾಣದ ಗುರುತು ಅತ್ತಿತ್ತ ಅಲೆಯುತ್ತದೆ. ಕಂಪನಿಯ ಸೆಟ್ಟಿಗೆ ಮೇಲುಗೈ ಇರುವುದು ಇಲ್ಲಿ. ಅಂಥ ಎಷ್ಟೋ ಸೆಟ್ಟುಗಳಿಗೆ ಚಕ್ರದ ವೇಗದ ಮಾಹಿತಿ ಕಾರಿನ ವೈರಿಂಗಿನಿಂದಲೇ ಸಿಗುತ್ತದೆ, ತಿರುವನ್ನು ಅಳೆಯುವ ಗೈರೊಸ್ಕೋಪ್ ಒಳಗೇ ಇರುತ್ತದೆ. ಉಪಗ್ರಹ ಮರೆಯಾದರೂ ಎಷ್ಟು ದೂರ ಬಂದೆವು, ಯಾವ ಕಡೆ ತಿರುಗಿದೆವು ಎಂಬ ಲೆಕ್ಕದ ಮೇಲೆ ಅದು ಸ್ವಲ್ಪ ಹೊತ್ತು ನಡೆಸಬಲ್ಲದು. ಹೋಂಡಾ ಕಂಪನಿ 1981ರಲ್ಲಿ ಹೊರತಂದ ಉಪಕರಣ ಉಪಗ್ರಹದ ಗೊಡವೆಯೇ ಇಲ್ಲದೆ ಈ ಲೆಕ್ಕವೊಂದರಿಂದಲೇ, ಪಾರದರ್ಶಕ ಹಾಳೆಯ ನಕ್ಷೆಯ ಮೇಲೆ ಕಾರಿನ ಜಾಗ ತೋರಿಸುತ್ತಿತ್ತು. ಆದರೆ ಈ ಅನುಕೂಲಕ್ಕೆ ನಿಜವಾದ ಬೆಲೆ ಸುರಂಗ, ಅಂಡರ್‌ಪಾಸ್, ಎತ್ತರದ ಕಟ್ಟಡಗಳಿರುವ ನಗರದಲ್ಲಿ. ಹೊನ್ನಾಳಿ, ಜಗಳೂರಿನ ನಡುವೆ ಓಡಾಡುವ ಕಾರಿಗೆ ಅದರಿಂದ ದೊಡ್ಡ ಲಾಭವಿಲ್ಲ.

ಹೊಸ ಸೆಟ್ಟುಗಳ ಡಬ್ಬದ ಮೇಲೆ ಈಗ ನಾವಿಕ್ ಎಂಬ ಹೆಸರೂ ಕಾಣಿಸುತ್ತದೆ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದ ಈ ಭಾರತೀಯ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿದೆ. ಅದರ ಮೊದಲ ಪೀಳಿಗೆಯ ಉಪಗ್ರಹಗಳು ಬಳಸುವ ತರಂಗಾಂತರಗಳೇ ಬೇರೆಯಾದ್ದರಿಂದ ಹಳೆಯ ಜಿಪಿಎಸ್ ರಿಸೀವರ್‌ಗೆ ಅವು ಕೇಳಿಸುವುದಿಲ್ಲ, ತಂತ್ರಾಂಶ ಬದಲಿಸಿ ಕೇಳಿಸಲೂ ಆಗದು. ಜಿಪಿಎಸ್‌ನ ಸಾಮಾನ್ಯ ತರಂಗಾಂತರದಲ್ಲೇ ಪ್ರಸಾರ ಮಾಡುವ ಮೊದಲ ನಾವಿಕ್ ಉಪಗ್ರಹ ಹಾರಿದ್ದು 2023ರ ಮೇ 29ರಂದು. ಮೊದಲ ಪೀಳಿಗೆಯಲ್ಲಿ ಕೆಲವು ಪರಮಾಣು ಗಡಿಯಾರಗಳು ಕೆಟ್ಟು ನಿಂತ ಇತಿಹಾಸವೂ ಇದೆ. ನಾವಿಕ್ ಇದ್ದರೆ ಒಳ್ಳೆಯದೇ. ಆ ಹೆಸರೊಂದಕ್ಕಾಗಿ ಸೆಟ್ಟು ಬದಲಿಸಬೇಕಾಗಿಲ್ಲ.

ಹಳೆಯ ಸೆಟ್ಟಿಗೆ ಇನ್ನೊಂದು ವಿಚಿತ್ರ ಕಾಯಿಲೆ ಬರುವುದುಂಟು. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1023ಕ್ಕೆ ಮುಗಿದು ಮತ್ತೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಮುಂದಿನ ಸರದಿ 2038ರ ನವೆಂಬರ್. ಇದಕ್ಕೆ ಸಿದ್ಧವಿಲ್ಲದ ಸೆಟ್ಟು ಇದ್ದಕ್ಕಿದ್ದಂತೆ ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸತೊಡಗುತ್ತದೆ. ತಯಾರಕರು ಎಣಿಕೆಯ ಆರಂಭವನ್ನು ಬೇರೆ ದಿನಕ್ಕೆ ಇಟ್ಟಿದ್ದರೆ ತೊಂದರೆಯೂ ಬೇರೆ ದಿನ ಬರುತ್ತದೆ: 2022ರ ಜನವರಿಯಲ್ಲಿ ಹಲವು ದೇಶಗಳ ಹಳೆಯ ಹೋಂಡಾ ಕಾರುಗಳ ಗಡಿಯಾರ 2002ಕ್ಕೆ ಹೋಗಿ ನಿಂತಿತ್ತು. ತಂತ್ರಾಂಶದ ಪರಿಷ್ಕರಣೆ ಸಿಕ್ಕರೆ ಸರಿ, ಇಲ್ಲವಾದರೆ ಇದಕ್ಕೆ ಅಂಗಡಿಯಲ್ಲಿ ಮದ್ದಿಲ್ಲ.

ಎಲ್ಲಕ್ಕಿಂತ ಬೇಗ ಹಳತಾಗುವುದು ನಕ್ಷೆ. ದಾವಣಗೆರೆ ಜಿಲ್ಲೆಯನ್ನೇ ನೋಡಬಹುದು. 1997ರಲ್ಲಿ ಜಿಲ್ಲೆ ಹುಟ್ಟುವ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಬಳ್ಳಾರಿಯಿಂದ ದಾವಣಗೆರೆಗೆ ಬಂದಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು. ದಾವಣಗೆರೆಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 4, 2010ರ ಮರುಸಂಖ್ಯೆಯಲ್ಲಿ 48 ಆಯಿತು. ಕಾರು ತಯಾರಾದ ವರ್ಷ ಮೆಮೊರಿ ಕಾರ್ಡಿಗೆ ಸೇರಿದ ನಕ್ಷೆಗೆ ಆಮೇಲಿನದು ಯಾವುದೂ ಗೊತ್ತಿಲ್ಲ. ಊರ ಹೆಸರಿನದು ಇನ್ನೊಂದು ಫಜೀತಿ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಒಂದು ಬಸವಾಪಟ್ಟಣವಿದೆ. ಇಂಗ್ಲಿಷ್ ಕಾಗುಣಿತದ ಒಂದೇ ರೂಪವನ್ನು ಬಲ್ಲ ಹಳೆಯ ಸೆಟ್ಟು ಚನ್ನಗಿರಿಯವರನ್ನು ಕಾವೇರಿ ದಂಡೆಗೆ ಕಳಿಸಿದರೆ ಅಚ್ಚರಿಯಿಲ್ಲ.

ನಕ್ಷೆ ಹಳತಾದಾಗ ತಪ್ಪು ನೇರವಾಗಿ ಕಣ್ಣಿಗೆ ಬೀಳುವುದೂ ಇಲ್ಲ. ಕಾರು ಯಾವುದಾದರೂ ರಸ್ತೆಯ ಮೇಲೆಯೇ ಇರುತ್ತದೆ ಎಂದು ಎಣಿಸುವ ತಂತ್ರಾಂಶ, ಲೆಕ್ಕ ಹಾಕಿದ ಸ್ಥಾನವನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ಹೊಸ ಬೈಪಾಸಿನಲ್ಲಿ ಸಾಗುತ್ತಿದ್ದರೂ ಪಕ್ಕದ ಹಳೆಯ ರಸ್ತೆಯಲ್ಲೇ ಇದ್ದಂತೆ ತೋರಿಸಿ, ಇಲ್ಲದ ತಿರುವಿಗೆ ತಿರುಗಲು ಹೇಳುತ್ತದೆ. ಹೆದ್ದಾರಿ ಮತ್ತು ಅದರ ಸರ್ವಿಸ್ ರಸ್ತೆಯ ನಡುವಿನ ಗೊಂದಲ ಹೊಸ ನಕ್ಷೆಯಲ್ಲೂ ಪೂರ್ತಿ ಹೋಗಿಲ್ಲ, 5 ಮೀಟರ್ ನಿಖರತೆ ಅದಕ್ಕೆ ಸಾಲದು.

ಆದ್ದರಿಂದ ಮೊದಲು ಕೇಳಬೇಕಾದದ್ದು: ಕಂಪನಿ ಈ ಮಾದರಿಗೆ ಇನ್ನೂ ಹೊಸ ನಕ್ಷೆ ಕೊಡುತ್ತಿದೆಯೇ? ಕೊಡುತ್ತಿದ್ದು ಎ.ಸಿ. ನಿಯಂತ್ರಣವೂ ಅದೇ ಪರದೆಯಲ್ಲಿದ್ದರೆ ಹಳೆಯದನ್ನು ಮುಟ್ಟದಿರುವುದು ಲೇಸು. ನಕ್ಷೆ ನಿಂತುಹೋಗಿದ್ದರೆ, ಅಥವಾ ಕಾರಿನಲ್ಲಿ ಬರೀ ಸ್ಟೀರಿಯೊ ಇದ್ದರೆ, ನಕ್ಷೆಯನ್ನು ತನ್ನೊಳಗೆ ಇಟ್ಟುಕೊಳ್ಳದ ಪರದೆಯೇ ಒಳ್ಳೆಯ ಆಯ್ಕೆ. 2014ರಲ್ಲಿ ಬಂದ ಆ್ಯಪಲ್ ಕಾರ್‌ಪ್ಲೇ, ಮರುವರ್ಷದ ಆಂಡ್ರಾಯ್ಡ್ ಆಟೊ ಎರಡೂ ಮೊಬೈಲಿನ ನಕ್ಷೆಯನ್ನು ಕಾರಿನ ಪರದೆಗೆ ತರುತ್ತವೆ. ನಕ್ಷೆ ಮೊಬೈಲಿನೊಂದಿಗೆ ಹೊಸದಾಗುತ್ತದೆ, ಪರದೆ ಹಳತಾದರೂ ಚಿಂತೆಯಿಲ್ಲ. 2018ರಿಂದ ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಕಡೆಗೆ ಹೊರಡುವ ಮುನ್ನ ಆ ಪ್ರದೇಶದ ನಕ್ಷೆಯನ್ನು ಇಳಿಸಿಟ್ಟುಕೊಂಡರಾಯಿತು. 1 ಜಿಬಿ, 2 ಜಿಬಿ ರ‍್ಯಾಮ್‌ನ ಅಗ್ಗದ ಆಂಡ್ರಾಯ್ಡ್ ಸ್ಟೀರಿಯೊಗಳು ಮಾತ್ರ ಎರಡು ವರ್ಷದಲ್ಲೇ ತೆವಳತೊಡಗುತ್ತವೆ.

ಜೋಡಣೆಗೆ ಅಳತೆ ಮುಖ್ಯ. ಡ್ಯಾಶ್‌ಬೋರ್ಡಿನಲ್ಲಿ ಸೆಟ್ಟು ಕೂರುವ ಸಿಂಗಲ್ ಡಿನ್ ಕಿಂಡಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್ ಎತ್ತರದಲ್ಲಿ ಅದರ ಎರಡರಷ್ಟು. ಕಾರಿನ ಮಾದರಿಗೆ ಹೊಂದುವ ಫ್ರೇಮು, ಕಪ್ಲರ್ ಸಿಗುತ್ತವೆ. ಮೂಲ ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸಕ್ಕೆ ಒಪ್ಪಬಾರದು. ಸದಾ ಕರೆಂಟ್ ಇರುವ ಹಳದಿ ತಂತಿ, ಕೀಲಿ ತಿರುಗಿಸಿದಾಗಷ್ಟೇ ಕರೆಂಟ್ ಬರುವ ಕೆಂಪು ತಂತಿ ಅದಲುಬದಲಾದರೆ ಸೆಟ್ಟು ತನ್ನ ನೆನಪು ಕಳೆದುಕೊಳ್ಳುತ್ತದೆ. ಎರಡನ್ನೂ ಹಳದಿಗೇ ಕಟ್ಟಿದರೆ ಬ್ಯಾಟರಿ ರಾತ್ರಿಯೆಲ್ಲ ಸೋರುತ್ತದೆ. ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡಲು ಕೆಲವು ಕಾರುಗಳಿಗೆ, ಆ ಗುಂಡಿಗಳ ಸಂಕೇತವನ್ನು ಸೆಟ್ಟಿಗೆ ತಿಳಿಯುವಂತೆ ಮಾಡುವ ಕ್ಯಾನ್‌ಬಸ್ ಡಿಕೋಡರ್ ಬೇಕು. ಜಿಪಿಎಸ್ ಆ್ಯಂಟೆನಾ ಲೋಹದ ಕೆಳಗೆ ಸಿಕ್ಕಿಕೊಳ್ಳದೆ ವಿಂಡ್‌ಶೀಲ್ಡಿನ ಕಡೆ ಮುಖ ಮಾಡಿರಬೇಕು.

ಇಷ್ಟೆಲ್ಲ ಖರ್ಚು ಬೇಡವೆಂದರೆ ಮೊಬೈಲ್ ಹೋಲ್ಡರ್ ಇದೆ. ವಾಹನ ಚಲಾಯಿಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ, ಅದೂ ಚಾಲಕರ ಗಮನ ಕೆಡದಂತೆ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ಕೇಂದ್ರದ ಮೋಟಾರು ವಾಹನ ನಿಯಮ ಹೇಳುತ್ತದೆ. ಹೋಲ್ಡರ್ ರಸ್ತೆಯ ನೋಟಕ್ಕೂ ಏರ್‌ಬ್ಯಾಗ್ ತೆರೆಯುವ ಜಾಗಕ್ಕೂ ಅಡ್ಡ ಬರಬಾರದು.

ಹೊಸ ಸೆಟ್ಟು ಹಾಕಿಸಿದವರು ಹಣ ಕೊಡುವ ಮುನ್ನ ಕಾರನ್ನು ಬಯಲಿಗೆ ತಂದು, ಮೊಬೈಲ್ ಕಳಚಿ, ಸೆಟ್ಟಿನ ಸ್ವಂತ ಜಿಪಿಎಸ್ ನೋಡಬೇಕು. ಮೊದಲ ಸಲ ಅದಕ್ಕೆ ತುಸು ಹೊತ್ತು ಹಿಡಿಯುವುದು ಸಹಜ. ಉಪಗ್ರಹಗಳ ಪೂರ್ಣ ಪಟ್ಟಿ ಕೆಳಗಿಳಿದು ಬರಲು ಹನ್ನೆರಡೂವರೆ ನಿಮಿಷ ಬೇಕು. ಅರ್ಧ ಗಂಟೆಯಾದರೂ ಸ್ಥಾನ ಸಿಗದಿದ್ದರೆ ಆ್ಯಂಟೆನಾದ ತಂತಿ ಸಡಿಲವಿದೆ ಎಂದೋ, ಅದನ್ನು ಕೂರಿಸಿದ ಜಾಗ ತಪ್ಪಿದೆ ಎಂದೋ ಅರ್ಥ.